ಕೀಲು ಸವೆದ ಜೋಡುನಳಿಗೆ

2024ರ ಜೂನ್. ಮೃಗಶಿರಾ ಮಳೆ ಎರಡು ಹದ ಬಿದ್ದು ಬಿಟ್ಟಿತ್ತು. ಗುಂಡ್ಲುಪೇಟೆಯಿಂದ ಹಂಗಳದ ಕಡೆ ಹೋಗುವ ದಾರಿಯಲ್ಲಿ ನನ್ನ ಸೋದರಮಾವನ ತೋಟದ ಮನೆ. ಅದರ ಪಡಸಾಲೆಯಲ್ಲಿ ಕೂತು ಕುಂಬಾರ ಹುಳದ ಓಡಾಟ ಎಣಿಸುತ್ತಿದ್ದೆ. ಕಪ್ಪು ಮೈ, ಹಳದಿ ಕಾಲು, ದಾರದಷ್ಟು ಸಪೂರ ಸೊಂಟ. ಬಚ್ಚಲ ನೀರು ಹರಿಯುವ ತೆಂಗಿನ ಬುಡದಲ್ಲಿ ಮಣ್ಣು ಕಲಸಿ, ಕಡಲೆಕಾಳಿನಷ್ಟು ಉಂಡೆ ಕಟ್ಟಿ, ಗುಂಯ್ ಎನ್ನುತ್ತ ಒಳಗೆ ಬರುತ್ತಿತ್ತು. 11.10ರಿಂದ 11.50ರ ಒಳಗೆ ಒಂಬತ್ತು ಸಲ. ಗೂಡು ಎಲ್ಲಿ ಕಟ್ಟುತ್ತಿದೆ ಎಂದು ಹುಡುಕಿದರೆ ತೊಲೆಯಲ್ಲೂ ಇಲ್ಲ, ಕಿಟಕಿಯ ಮೂಲೆಯಲ್ಲೂ ಇಲ್ಲ. ಗೋಡೆಯ ಎರಡು ಮರದ ಗೂಟದ ಮೇಲೆ ಮಲಗಿಸಿದ್ದ ಕೋವಿಯ ಎಡನಳಿಗೆಯ ಬಾಯಿಗೆ ಹುಳ ಇಳಿಯುತ್ತಿತ್ತು.

ಮಾವನನ್ನು ಕೂಗಿದೆ. ಕೋವಿ ಮನೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಲೋಕಸಭಾ ಚುನಾವಣೆಗೆಂದು ಪರವಾನಗಿ ಕೋವಿಗಳನ್ನೆಲ್ಲ ಠಾಣೆಗೆ ಜಮಾ ಮಾಡಬೇಕಿತ್ತು. ನಮ್ಮ ಚಾಮರಾಜನಗರಕ್ಕೆ ಏಪ್ರಿಲ್ 26ಕ್ಕೆ ಮತದಾನ ಮುಗಿದರೂ ಎಣಿಕೆ ಆಗುವ ತನಕ ಅದು ಅಲ್ಲೇ ಇತ್ತು. ಮಾವ ಕೋವಿ ಇಳಿಸಿ, ಮುರಿದು, ನಳಿಗೆಯನ್ನು ಆಕಾಶಕ್ಕೆ ಹಿಡಿದರು. ಬಲಗಣ್ಣಿನಲ್ಲಿ ಬೆಳಕು, ಎಡಗಣ್ಣು ಕುರುಡು. ತೆಂಗಿನ ಗರಿಕಡ್ಡಿಯಿಂದ ಕೆದಕಿದಾಗ ಮಣ್ಣಿನ ಜೊತೆ ಹದಿನಾಲ್ಕು ಜೇಡಗಳು ಉದುರಿದವು. ಸತ್ತಿರಲಿಲ್ಲ, ಹುಳ ಚುಚ್ಚಿ ಮಂಕು ಮಾಡಿಟ್ಟಿತ್ತು. ಮರಿಗೆ ಹಸಿ ಊಟ.

"ಇದ ನೋಡ್ದೆ ಒಂದ್ ಈಡು ಬಿಟ್ಟಿದ್ರೆ ನಳಿಗೆ ಸೀಳ್ಕಬುಡದು ಕನಪ್ಪ" ಎಂದರು ಮಾವ. ಮಾತು ನಿಜ. ಬಾಯಿ ಕಟ್ಟಿದ ನಳಿಗೆಯಲ್ಲಿ ಹೊಗೆಯ ಒತ್ತಡಕ್ಕೆ ಹೋಗಲು ದಾರಿ ಇರದಿದ್ದರೆ ಕಬ್ಬಿಣವೇ ಬಿರಿಯುತ್ತದೆ. 1996ರಲ್ಲಿ ಡೊಮಿನಿಕನ್ ಗಣರಾಜ್ಯದ ಕಡಲಿಗೆ ಬಿದ್ದು 189 ಜನ ಸತ್ತ ವಿಮಾನದ ವೇಗ ಅಳೆಯುವ ಕೊಳವೆಯಲ್ಲಿ ಇಂಥದೇ ಹುಳ ಗೂಡು ಕಟ್ಟಿತ್ತೆಂದು ತನಿಖೆಯವರು ಶಂಕಿಸಿದ್ದರು. ಹುಳಕ್ಕೆ ಕೋವಿಯೂ ಒಂದೇ ವಿಮಾನವೂ ಒಂದೇ, ಕೈಗೆ ಸಿಕ್ಕ ಬಿದಿರು.

ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಕೊನೆಯ ಸಾಲು ಹುಳದ ಬಗ್ಗೆ ಅಲ್ಲ. ಮಾವ ಕೋವಿ ಮುಚ್ಚಿದಾಗ ಆದ ಸದ್ದಿನ ಬಗ್ಗೆ. 'ಠಕ್' ಎಂದು ಒಂದೇ ಆಗಬೇಕಾದದ್ದು 'ಠಕ್-ಕಟ' ಎಂದು ಎರಡಾಗಿತ್ತು.

---

ಎರಡನೆಯ ಸದ್ದು ಎಲ್ಲಿಂದ ಎಂದು ಹುಡುಕಲು ನಾಲ್ಕು ದಿನ ಹಿಡಿಯಿತು. ಹಕ್ಕಿಯ ಕೂಗು ಕೇಳಿದರೆ ಮೊದಲು ಮರ, ಆಮೇಲೆ ಕೊಂಬೆ, ಆಮೇಲೆ ಎಲೆ ಎಂದು ಕಣ್ಣು ಹಾಯಿಸುತ್ತೇವಲ್ಲ, ಹಾಗೆ.

ಕೋವಿ ಬರ್ಮಿಂಗ್‌ಹ್ಯಾಮಿನದು, 12 ಬೋರು, ಜೋಡುನಳಿಗೆ, ತೋಟಾ ಸಿಡಿಸುವ ಎರಡು ಕುದುರೆ ಹೊರಗೇ ಇರುವಂಥದ್ದು. ಮಾಡಿದವರ ಹೆಸರು ಉಜ್ಜಿ ಉಜ್ಜಿ ಅಳಿಸಿಹೋಗಿದೆ. ವಯಸ್ಸು ಮಾತ್ರ ನಳಿಗೆಯ ತಳದಲ್ಲಿ ಉಳಿದಿದೆ. ಅಲ್ಲಿನ ಪರೀಕ್ಷಾಲಯದವರು ಒತ್ತಿದ ಗುರುತುಗಳಲ್ಲಿ ಒಂದು, ಕಿರೀಟದ ಕೆಳಗೆ ಕತ್ತರಿಯಂತೆ ಕೂಡಿಸಿದ ರಾಜದಂಡಗಳು. 1904ರಲ್ಲಿ ಅದನ್ನು ಬಿಟ್ಟರು. ಇನ್ನೊಂದು, ವಜ್ರಾಕಾರದೊಳಗೆ 12 ಮತ್ತು ಸಿ ಅಕ್ಷರ. 1887ಕ್ಕೆ ಮುಂಚೆ ಅದು ಇರಲಿಲ್ಲ. ಇವೆರಡರ ನಡುವಿನ ಹದಿನೇಳು ವರ್ಷದಲ್ಲಿ ಎಂದೋ ಹುಟ್ಟಿದ ಕೋವಿ. ನಳಿಗೆ ಒಂದೇ ಉಕ್ಕಿನದಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು, ಸರಳಿಗೆ ಸುತ್ತಿ, ಕಾಸಿ ಬಡಿದು ಕೂಡಿಸಿದ್ದು. ಬೆಳಕಿಗೆ ಓರೆ ಹಿಡಿದರೆ ಗೌಜಲ ಹಕ್ಕಿಯ ಎದೆಯ ಮೇಲಿನಂಥ ಸಣ್ಣ ಗೆರೆ ಕಾಣುತ್ತದೆ.

ಬೀಗ ಎಂದರೆ ಇಷ್ಟೆ. ನಳಿಗೆಗಳ ಅಡಿಯಲ್ಲಿ ಎರಡು ಹಲ್ಲು. ಮುಂದಿನ ಹಲ್ಲಿನ ಮುಖ ಕೊಕ್ಕೆಯಂತೆ ಬಾಗಿ, ಕಬ್ಬಿಣದ ಮೈಯಲ್ಲಿ ಅಡ್ಡಲಾಗಿ ಕೂರಿಸಿದ ದಪ್ಪ ಕೀಲುಕಡ್ಡಿಯನ್ನು ಅಪ್ಪಿಕೊಳ್ಳುತ್ತದೆ. ಎರಡೂ ಹಲ್ಲಿನ ಬೆನ್ನಿಗೆ ಒಂದೊಂದು ಕಚ್ಚು. ಕೋವಿ ಮುಚ್ಚಿದಾಗ ಒಳಗಿನ ಅಗುಳಿ ಸ್ಪ್ರಿಂಗಿನ ಬಲದಿಂದ ಜಾರಿ ಬಂದು ಆ ಕಚ್ಚುಗಳೊಳಗೆ ಕೂರುತ್ತದೆ. ಮೇಲೆ ಹೆಬ್ಬೆರಳಿಗೆ ಸಿಗುವ ಲಿವರನ್ನು ಬಲಕ್ಕೆ ತಳ್ಳಿದರೆ ಅಗುಳಿ ಹಿಂದೆ ಸರಿದು ಬಾಯಿ ತೆರೆಯುತ್ತದೆ. ಈ ಜೋಡಿ ಕಚ್ಚಿನ ಅಗುಳಿಗೆ ಲಂಡನ್ನಿನ ಜೇಮ್ಸ್ ಪರ್ಡಿ 1863ರಲ್ಲಿ ಹಕ್ಕುಪತ್ರ ಪಡೆದ. ಅದನ್ನು ಮೇಲಿನ ಲಿವರಿಗೆ ಜೋಡಿಸುವ ತಿರುಗುಕಡ್ಡಿ ಸ್ಕಾಟ್ ಕಂಪನಿಯದು, 1865ರದು. ಚಾಮರಾಜನಗರದ ಸುತ್ತ ಬಿಡಾರ ಹೂಡಿ ಆನೆ ಖೆಡ್ಡಾ ನಡೆಸಿದ, 1878ರಲ್ಲಿ ತನ್ನ ಹದಿಮೂರು ವರ್ಷದ ಕಾಡಿನ ಅನುಭವವನ್ನು ಪುಸ್ತಕ ಮಾಡಿದ ಸ್ಯಾಂಡರ್ಸನ್ ಹಿಂದೂಸ್ಥಾನಕ್ಕೆ ಬಂದದ್ದು 1864ರಲ್ಲಿ. ಅವನು ಬರುವಾಗ ಈ ಅಗುಳಿ ಹೊಚ್ಚ ಹೊಸದು. ಇವತ್ತಿಗೂ ಜೋಡುನಳಿಗೆ ಮಾಡುವವರಲ್ಲಿ ಹೆಚ್ಚಿನವರು ಅದನ್ನೇ ನಂಬಿದ್ದಾರೆ.

ಬಾಗಿಲು ಅಲುಗಾಡಿದರೆ ನಾವು ಚಿಲಕವನ್ನು ಬೈಯುತ್ತೇವೆ. ಮಾವನೂ ಅಷ್ಟೇ, "ಅಗುಳಿ ಸಡ್ಲ ಆಗದೆ, ಒಂದ್ ತಗಡು ಕೊಟ್ರೆ ಸರೋಯ್ತದೆ" ಎಂದರು. ಆದರೆ ಈಡು ಹಾರಿದ ಕ್ಷಣ ಏನಾಗುತ್ತದೆ? ತೋಟಾ ಕಬ್ಬಿಣದ ಮೈಯ ಹಿಂದಿನ ಗೋಡೆಯನ್ನು ಹಿಂದಕ್ಕೆ ಒದೆಯುತ್ತದೆ, ನಳಿಗೆ ಮುಂದಕ್ಕೆ ಹೋಗಲು ನೋಡುತ್ತದೆ. ಆ ಎಳೆತವನ್ನು ತಡೆಯುವುದು ಅಗುಳಿ ಅಲ್ಲ, ಕೀಲುಕಡ್ಡಿಗೆ ಸಿಕ್ಕಿಕೊಂಡ ಕೊಕ್ಕೆ. ಅಗುಳಿಯ ಕೆಲಸ ನಳಿಗೆ ಎದ್ದು ಬಾಯಿಬಿಡದಂತೆ ನೋಡಿಕೊಳ್ಳುವುದು. ಹೀಗಾಗಿ ಮೊದಲು ಸವೆಯುವುದು ಕೀಲು, ಕೊನೆಗೆ ಬೈಸಿಕೊಳ್ಳುವುದು ಅಗುಳಿ.

ನೋಡುವ ಬಗೆ ಸುಲಭ. ಮುಂಗೈಗೆ ಸಿಗುವ ಮರದ ತುಂಡನ್ನು ತೆಗೆದಿಡಬೇಕು. ಅದರೊಳಗಿನ ಸ್ಪ್ರಿಂಗು ನಳಿಗೆಯನ್ನು ಒತ್ತಿ ಹಿಡಿದು ಸಡಿಲವನ್ನು ಮುಚ್ಚಿಡುತ್ತದೆ. ಮಾರುವವರು ಅದನ್ನು ಬಿಚ್ಚದೆ ತೋರಿಸುವುದು ಸುಮ್ಮನೆ ಅಲ್ಲ. ತೆಗೆದು, ಮುಚ್ಚಿ, ಹಿಡಿಯನ್ನು ಭದ್ರ ಹಿಡಿದು ನಳಿಗೆ ಅಲ್ಲಾಡಿಸಿದೆ. ಬೆರಳ ತುದಿಗೆ ಸಣ್ಣ ಕುಟುಕು ತಿಳಿಯಿತು. ಕಿಟಕಿಗೆ ಹಿಡಿದೆ. ನಳಿಗೆಯ ಬೆನ್ನಿಗೂ ಹಿಂದಿನ ಗೋಡೆಗೂ ನಡುವೆ ಕೂದಲೆಳೆ ಬೆಳಕು, ಅದರಾಚೆ ಗೋಪಾಲಸ್ವಾಮಿ ಬೆಟ್ಟದ ಮೇಲೆ ಕೂತ ಮೋಡ. 1,454 ಮೀಟರಿನ ಬೆಟ್ಟವನ್ನು ಹಾಗೊಂದು ಗೀಟಿನಲ್ಲಿ ನೋಡಿದ್ದು ಅದೇ ಮೊದಲು.

ಇನ್ನೊಂದು ಗುರುತು ಲಿವರ್. ಹೊಸ ಕೋವಿಯಲ್ಲಿ ಮುಚ್ಚಿದ ಮೇಲೂ ಅದು ನಡುಗೆರೆಗಿಂತ ತುಸು ಬಲಕ್ಕೇ ನಿಲ್ಲುವಂತೆ ಮಾಡಿರುತ್ತಾರೆ. ಸವೆದಂತೆಲ್ಲ ಅಗುಳಿ ಇನ್ನಷ್ಟು ಒಳಗೆ ಹೋಗಿ ಲಿವರ್ ನಡುವಿಗೆ ಬರುತ್ತದೆ, ಆಮೇಲೆ ಎಡಕ್ಕೆ ದಾಟುತ್ತದೆ. ಮಾವನ ಕೋವಿಯದು ಎಡಕ್ಕೆ ಒಂದು ಗೋಧಿಕಾಳಿನಷ್ಟು ದಾಟಿತ್ತು.

---

ಸವೆತ ಓದುವುದು ನನಗೆ ಹೊಸದಲ್ಲ. ಬಂಡೀಪುರದ ಅಂಚಿನಲ್ಲಿ ಓಡಾಡುವವರಿಗೆ ಅದೇ ಅಕ್ಷರಮಾಲೆ. ಆನೆ ಎಡಚವೋ ಬಲಚವೋ ಎಂಬುದನ್ನು ದಂತ ಹೇಳುತ್ತದೆ. ಹೆಚ್ಚು ದುಡಿಯುವ ದಂತ ಗಿಡ್ಡ, ತುದಿ ಮೊಂಡು. ಆನೆಯ ದವಡೆ ಹಲ್ಲು ಜೀವಮಾನಕ್ಕೆ ಆರು ಸರದಿ ಬರುತ್ತವೆ, ಆರನೆಯದು ಸವೆದರೆ ಮುದಿ ಆನೆ ಮೆತ್ತನೆಯ ಹುಲ್ಲಿರುವ ಜೌಗು ಬಿಟ್ಟು ಕದಲುವುದಿಲ್ಲ. ಕಾಡುಹಂದಿಯದು ಬೇರೆ ಕಥೆ. ಮೇಲಿನ ಕೋರೆ ಕೆಳಗಿನದಕ್ಕೆ ಸಾಣೆಕಲ್ಲು, ಬಾಯಿ ಆಡಿಸಿದಷ್ಟೂ ಕೋರೆ ಹರಿತ. ಸವೆತದಿಂದಲೇ ಚೂಪಾಗುವ ಭಾಗ್ಯ ಕಬ್ಬಿಣದ ಕೀಲಿಗಿಲ್ಲ.

ಇಲ್ಲಿ ನನಗೆ ಒಂದು ಲೆಕ್ಕ ಹತ್ತಲಿಲ್ಲ. ಈ ಕೋವಿ ಹಾರಿಸಿದ್ದು ಎಷ್ಟು? ಇದು ಬೆಳೆ ಕಾಯಲು ಕೊಟ್ಟ ಪರವಾನಗಿ. ಮಾವನ ಅಪ್ಪನ ಕಾಲದಲ್ಲಿ ಹಂದಿ ಹೊಡೆದಿರಬಹುದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬಾಯಿ ಆಕಾಶಕ್ಕೇ. ಮಾವನ ನೆನಪಿನಲ್ಲಿ ವರ್ಷಕ್ಕೆ ಐದಾರು ತೋಟಾ ಮುಗಿದರೆ ಹೆಚ್ಚು. ಬರ್ಮಿಂಗ್‌ಹ್ಯಾಮಿನವರು ಸಾವಿರಗಟ್ಟಲೆ ಈಡು ತಡೆಯಲೆಂದು ಮಾಡಿದ ಕೀಲು ಇಷ್ಟಕ್ಕೆ ಸವೆಯಬಾರದಿತ್ತು.

ಉತ್ತರ ಸಿಕ್ಕಿದ್ದು ಮಾವನ ಕೈ ನೋಡಿದಾಗ. ರಾತ್ರಿ ಊಟ ಆದ ಮೇಲೆ ಅವರು ಕೋವಿ ತೆಗೆದು ಮುರಿಯುತ್ತಾರೆ, ನಳಿಗೆಯೊಳಗೆ ಇಣುಕುತ್ತಾರೆ, ಒಂದೇ ಕೈಯಲ್ಲಿ ಝಾಡಿಸಿ ಫಟ್ಟನೆ ಮುಚ್ಚುತ್ತಾರೆ. ಬಾಳೆಗೆ ಕಾವಲು ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ನೆಂಟರು ಬಂದರೆ ತೋರಿಸಲು ಮೂರು ಸಲ. ಒಂದು ವಾರ ಎಣಿಸಿದೆ: ನಲವತ್ತೊಂದು ಸಲ ಮುಚ್ಚಿದರು, ಈಡು ಸೊನ್ನೆ. ಅವರ ಅಪ್ಪನೂ ಹೀಗೇ ಮುಚ್ಚುತ್ತಿದ್ದರಂತೆ, "ಹಂಗ್ ಮುಚ್ಚುದ್ರೇನೆ ಗತ್ತು".

ಜೊತೆಗೆ ದೂಳು. ಗುಂಡ್ಲುಪೇಟೆ ಮಳೆ ನೆರಳಿನ ಊರು. ಕೇರಳದ ಕಡೆಯಿಂದ ಬರುವ ಮುಂಗಾರಿನ ಗಾಳಿಯಲ್ಲಿ ನೀರಿಗಿಂತ ಕೆಮ್ಮಣ್ಣೇ ಜಾಸ್ತಿ ದಿನಗಳಿರುತ್ತವೆ. ಚೆಂಡುಹೂವಿನ ಹೊಲ ನೋಡಬಂದವರ ಕಾರುಗಳು ಎಬ್ಬಿಸುವುದು ಬೇರೆ. ಮಣ್ಣಿನ ಸಣ್ಣ ಮರಳು ಎಣ್ಣೆಯಲ್ಲಿ ಕಲಸಿದರೆ ಅದೇ ಸಾಣೆಪುಡಿ. ಎಣ್ಣೆ ಯಾವುದು? ಕೊಬ್ಬರಿ ಎಣ್ಣೆ. ತಲೆಗೆ ಹಚ್ಚಿದ ಕೈಯಲ್ಲೇ ಕೀಲಿಗೂ ಒಂದು ತೊಟ್ಟು. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾಗಿಯ ಬೆಳಗ್ಗೆ ಲಿವರ್ ಬಿಗಿ, ಮಧ್ಯಾಹ್ನ ಸಲೀಸು ಎಂದು ಮಾವ ಹೇಳುತ್ತಿದ್ದದ್ದು ಕೋವಿಯ ಗುಣವಲ್ಲ, ಎಣ್ಣೆಯದು. ವರ್ಷಗಟ್ಟಲೆ ಹಾಕಿದ್ದು ಒಣಗಿ ಜೇನುಮೇಣದಂತೆ ಅಂಟಿ, ಅದರಲ್ಲಿ ದೂಳು ಹೂತು ಕೂತಿತ್ತು. ಸೂಜಿಯಿಂದ ಒಂದಿಷ್ಟು ತೆಗೆದು ಕಾಗದದ ಮೇಲೆ ಒತ್ತಿ ಭೂತಗನ್ನಡಿಯಲ್ಲಿ ನೋಡಿದೆ. ಕೆಂಪು, ನಡುನಡುವೆ ಬಿಳಿ ಹರಳಿನ ಮಿಣುಕು, ಒಂದು ಇರುವೆಯ ತಲೆ.

---

ಊರಿನ ಆಚಾರಿಯ ಹತ್ತಿರ ಮಾವ ಮೊದಲು ಹೋದರು. ಕುಲುಮೆಯಲ್ಲಿ ಕುಡುಗೋಲು ತಟ್ಟುತ್ತಿದ್ದವನು ತಲೆ ಎತ್ತದೆ ಹೇಳಿದ, "ಕುಡ್ಲು, ಮಚ್ಚು ಆದ್ರೆ ಕೊಡಿ ಬುದ್ಧಿ. ಇದ ನಾ ಮುಟ್ಟಕಿಲ್ಲ." ಅವನದೇ ಸರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಕೋವಿ ರಿಪೇರಿಗೂ ಪರವಾನಗಿ ಬೇಕು. ಹಾಗಾಗಿ ಲೈಸೆನ್ಸ್ ಪುಸ್ತಕ ಚೀಲದಲ್ಲಿಟ್ಟುಕೊಂಡು ಅರವತ್ತು ಕಿಲೋಮೀಟರ್ ದೂರದ ಮೈಸೂರಿಗೆ ಹೊರಟೆವು.

ಅಲ್ಲಿನ ಮೇಸ್ತ್ರಿಗೆ ಎಪ್ಪತ್ತರ ಮೇಲೆ ವಯಸ್ಸು. ರಿಜಿಸ್ಟರಿನಲ್ಲಿ ನಂಬರು ಬರೆದುಕೊಂಡ ಮೇಲೆ ಕೋವಿಯನ್ನು ಅಲ್ಲಾಡಿಸಲೇ ಇಲ್ಲ. ಮೊದಲು ಸ್ಕ್ರೂಗಳ ತಲೆ ನೋಡಿದರು. ಒಳ್ಳೆಯ ಕೋವಿಯಲ್ಲಿ ಆ ಗೀಟುಗಳು ಕೂದಲಿನಷ್ಟು ತೆಳು, ಎಲ್ಲವೂ ನಳಿಗೆಯ ದಿಕ್ಕಿಗೇ ನೆಟ್ಟಗೆ ನಿಂತಿರುತ್ತವೆ. ಇದರಲ್ಲಿ ಎರಡು ಹರಿದು ಬಾಯಿ ಬಿಟ್ಟಿದ್ದವು. "ಯಜಮಾನ್ರೇ, ಇದುನ್ನ ಮುಂಚೆ ಯಾರೋ ಬಿಚ್ಚವ್ರೆ. ದಪ್ಪ ಸ್ಕ್ರೂಡ್ರೈವರ್ ಹಾಕವ್ರೆ." ನಳಿಗೆ ಬೇರ್ಪಡಿಸಿ, ಕೊಕ್ಕೆಗೆ ಬೆರಳು ಸಿಕ್ಕಿಸಿ ತೂಗುಬಿಟ್ಟು, ಗೆಣ್ಣಿನಿಂದ ತಟ್ಟಿದರು. ಕಂಚಿನ ತಟ್ಟೆಯಂತೆ ಮೊಳಗಿ, ನಿಧಾನಕ್ಕೆ ಇಳಿಯಿತು. ಎರಡು ನಳಿಗೆಯನ್ನು ಕೂಡಿಸಿದ ಬೆಸುಗೆ ಎಲ್ಲೂ ಬಿಟ್ಟಿಲ್ಲ ಎಂದು ಅದರ ಅರ್ಥ. ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತಿತ್ತು.

ಆಮೇಲೆ ಕೊಕ್ಕೆಯನ್ನು ದೀಪಕ್ಕೆ ಹಿಡಿದು ನನ್ನನ್ನು ಕರೆದರು. ನಾನು ಸವೆತವನ್ನಷ್ಟೇ ನೋಡಿದ್ದೆ, ಅವರು ಅದರ ಮೇಲೆ ಓಡಾಡಿದವರ ಹೆಜ್ಜೆ ತೋರಿಸಿದರು. ಕೊಕ್ಕೆಯ ಬದಿಯಲ್ಲಿ ಸಾಲಾಗಿ ಐದು ಚುಕ್ಕೆ: ಯಾರೋ ಉಳಿಮೊಳೆ ಇಟ್ಟು ಬಡಿದು ಕಬ್ಬಿಣವನ್ನು ಮುಂದಕ್ಕೆ ಉಬ್ಬಿಸಿದ್ದಾರೆ. ಅಂದಿಗೆ ಬಿಗಿ ಆಗುತ್ತದೆ, ಉಬ್ಬಿದ ತುದಿಯೊಂದೇ ಭಾರ ಹೊತ್ತು ಬೇಗ ಕುಸಿಯುತ್ತದೆ. ಚುಕ್ಕೆಗಳ ಮೇಲೆ ಹಿತ್ತಾಳೆಯ ಹಳದಿ ಲೇಪ: ಆಮೇಲೆ ಬಂದ ಇನ್ನೊಬ್ಬರು ತಗಡು ಕೂರಿಸಿದ್ದಾರೆ. ತಗಡು ಉದುರಿ ಯಾವ ಕಾಲವಾಯಿತೋ. ಮೂರನೆಯದು ಅಗುಳಿಯ ಮೇಲೆ ಒರಟು ಅರದ ಗೀರು. ಲಿವರ್ ಬಿಗಿ ಎಂದು ಉಜ್ಜಿದ ಕೈ ಅದು. "ಮೂರು ಜನ ಡಾಕ್ಟ್ರು, ಒಬ್ರೂ ನಾಡಿ ನೋಡ್ನಿಲ್ಲ" ಎಂದು ಮೇಸ್ತ್ರಿ ನಕ್ಕರು. ಮಾವ ನಗಲಿಲ್ಲ. ಮೊದಲನೆಯ ಡಾಕ್ಟರು ಅವರ ಅಪ್ಪನೇ ಇದ್ದರೂ ಇರಬಹುದು.

ಕಬ್ಬಿಣದ ಮೈ ಪೂರ್ತಿ ಗಟ್ಟಿಯಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮೂಳೆ, ತೊಗಲಿನ ಇದ್ದಿಲಿನಲ್ಲಿ ಹೂತು ಕಾಸಿ ನೀರಿಗೆ ಹಾಕಿದಾಗ ಮೇಲಿನ ತೆಳು ಚರ್ಮ ಮಾತ್ರ ಗಾಜಿನಂತೆ ಗಟ್ಟಿಯಾಗುತ್ತದೆ, ಒಳಗೆ ಮೆದು. ಪೆಟ್ಟು ತಡೆಯಲು ಮೆದು, ಉಜ್ಜು ತಡೆಯಲು ಗಟ್ಟಿ. ಆ ಚರ್ಮ ಹರಿದ ಮೇಲೆ ಸವೆತ ನಡೆಯುವುದಿಲ್ಲ, ಓಡುತ್ತದೆ. ಹಾಗೆ ಕಾಸಿದಾಗ ಮೂಡುವ ನೀಲಿ, ಕಂದು ಬಣ್ಣದ ಮೋಡಗಳು ಬೆಳಕಿಗೂ ಕೈಗೂ ಅಳಿಯುತ್ತವೆ. ಮೇಸ್ತ್ರಿ ಲಿವರ್ ಬಿಚ್ಚಿದಾಗ ಅದರ ಅಡಿಯಲ್ಲಿ ಬೆರಳಗಲ ಜಾಗದಲ್ಲಿ ಆ ಬಣ್ಣ ಹಾಗೇ ಇತ್ತು, ಮಳೆಗಾಲದ ಹೊಂಡದ ಮೇಲೆ ಎಣ್ಣೆ ಬಿದ್ದಂತೆ. ನೂರಿಪ್ಪತ್ತು ವರ್ಷ ಬಿಸಿಲು ಕಾಣದ ತುಣುಕು. ನಾನು ಅದನ್ನು ನೋಡುತ್ತ ನಿಂತಷ್ಟು ಹೊತ್ತು ಅವರು ಬೀಡಿ ಹಚ್ಚಿ ಸುಮ್ಮನಿದ್ದರು.

---

ಕೆಲಸ ಮುಗಿಯಲು ಎರಡು ತಿಂಗಳಾಯಿತು. ನಾನು ಮೂರು ಸಲ ಹೋಗಿ ಮೂಲೆಯ ಸ್ಟೂಲಿನಲ್ಲಿ ಕೂತು ನೋಡಿದೆ.

ಕೊಕ್ಕೆಗೆ ಬೆಂಕಿ ತಾಕಿಸಿ ಲೋಹ ತುಂಬುವ ದಾರಿಯೂ ಇದೆ. ಆದರೆ ಅಂಗುಲದಾಚೆ ನಳಿಗೆಗಳನ್ನು ಹಿಡಿದಿರುವುದು ತವರದ ಬೆಸುಗೆ, ಹೆಚ್ಚು ಕಾವಿಗೆ ಕರಗಿ ಹರಿಯುತ್ತದೆ. ಹೀಗಾಗಿ ಮೇಸ್ತ್ರಿ ಹಳೆಯ ಕೀಲುಕಡ್ಡಿಯನ್ನೇ ಹೊರಗೆ ತಟ್ಟಿ ತೆಗೆದರು. ಹೊರಬಂದ ಕಡ್ಡಿ ಒಂದು ಮಗ್ಗುಲಲ್ಲಿ ಮಾತ್ರ ಚಪ್ಪಟೆ, ಹಳೆಯ ರಾಟೆಯ ಅಚ್ಚಿನಂತೆ. ಲೇತಿನಲ್ಲಿ ತುಸು ದಪ್ಪನೆಯ ಹೊಸ ಕಡ್ಡಿ ತಿರುವಿ, ತೂತವನ್ನು ಅದಕ್ಕೆ ಸರಿಯಾಗಿ ತೀಡಿ, ಕೂರಿಸಿದರು. ಕಡ್ಡಿ ದಪ್ಪವಾದಷ್ಟೂ ಕೊಕ್ಕೆಯನ್ನು ಹಿಂದಕ್ಕೆ ತಳ್ಳುತ್ತದೆ, ನಳಿಗೆ ಹಿಂದಿನ ಗೋಡೆಗೆ ಒತ್ತುತ್ತದೆ. ಈಗ ಕೋವಿ ಮುಚ್ಚುವುದೇ ಇಲ್ಲ. ಮುಚ್ಚಿಸುವುದೇ ಕಸುಬು.

ಅದಕ್ಕೆ ಬೇಕಾದದ್ದು ಒಂದು ಹರಳೆಣ್ಣೆ ದೀಪ. ಕೊಕ್ಕೆಯನ್ನು ಜ್ವಾಲೆಯ ಮೇಲೆ ಆಡಿಸಿದರೆ ಕಾಡಿಗೆಯಂಥ ಮಸಿ ಹತ್ತುತ್ತದೆ. ಕೂರಿಸಿ, ಒತ್ತಿ, ತೆಗೆಯಬೇಕು. ಎಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಕಿತೋ ಅಲ್ಲಿ ಮಸಿ ಅಳಿಸಿ ಹೊಳಪು ಕಾಣುತ್ತದೆ. ಆ ಹೊಳಪಿಗಷ್ಟೇ ನುಣ್ಣನೆಯ ಅರ ಒಂದೆಳೆ, ಎರಡೆಳೆ. ಮತ್ತೆ ಮಸಿ. ನಾನು ಕೂತಿದ್ದ ಒಂದು ಬೆಳಗ್ಗೆ 9.40ರಿಂದ 12.15ರವರೆಗೆ ಮೂವತ್ತೆರಡು ಸಲ. ಮೊದಲು ಹೊಳಪು ಒಂದು ರಾಗಿಕಾಳು, ಆಮೇಲೆ ಮೂರು, ಆಮೇಲೆ ಅವು ಕೂಡಿಕೊಂಡು ಎಳೆಚಂದ್ರನಂಥ ಪಟ್ಟಿ. ಬೆಳಗಿನಿಂದ ಉದುರಿದ ಕಬ್ಬಿಣದ ಪುಡಿ ಅವರ ಉಗುರಿನ ಮೇಲೆ ಹಿಡಿಸುವಷ್ಟೂ ಇರಲಿಲ್ಲ. ಕುಂಬಾರ ಹುಳ ನಲವತ್ತು ನಿಮಿಷದಲ್ಲಿ ಒಂಬತ್ತು ಉಂಡೆ ಮೆತ್ತಿತ್ತು ಎಂದು ಹೇಳಿದೆ. "ಮೆತ್ತೋದು ಸುಲಭ ಸಾರ್" ಎಂದರು ಅರದಿಂದ ಕಣ್ಣು ತೆಗೆಯದೆ.

ಕುದುರೆಯ ಒಳಗಿನ ಕಚ್ಚೂ ದುಂಡಾಗಿತ್ತಂತೆ. ಅದನ್ನು ಸರಿಪಡಿಸಿದ್ದನ್ನು ನಾನು ನೋಡಲಿಲ್ಲ.

ಕೊನೆಯ ದಿನ ಸಿಗರೇಟಿನ ಕಾಗದದ ಚೂರನ್ನು ನಳಿಗೆಯ ಬೆನ್ನಿಗಿಟ್ಟು ಮುಚ್ಚಿದರು. ಎಳೆದರೆ ಕಾಗದ ಬರಲಿಲ್ಲ, ಹರಿಯಿತು. ಲಿವರ್ ಬಲಕ್ಕೆ ಬಂದು ನಿಂತಿತ್ತು. ಮಾವ ಖುಷಿಯಿಂದ ಕೈಗೆ ತೆಗೆದುಕೊಂಡು ಎಂದಿನಂತೆ ಝಾಡಿಸಲು ಹೋದಾಗ ಮೇಸ್ತ್ರಿ ಮಣಿಕಟ್ಟು ಹಿಡಿದರು. ಲಿವರನ್ನು ಹೆಬ್ಬೆರಳಲ್ಲಿ ಬಲಕ್ಕೆ ಹಿಡಿದು, ಎರಡೂ ಕೈಯಲ್ಲಿ ಮೆಲ್ಲಗೆ ಮುಚ್ಚಿ, ಆಮೇಲೆ ಲಿವರ್ ಬಿಡಬೇಕು. ಮಗುವಿಗೆ ಅ ಆ ತಿದ್ದಿಸುವ ಹಾಗೆ ನಾಲ್ಕು ಸಲ ಮಾಡಿಸಿದರು. ಕೊಬ್ಬರಿ ಎಣ್ಣೆ ಬೇಡ, ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸಾಕು, ಹಾಕುವ ಮುಂಚೆ ಹಳೆಯದನ್ನು ಒರೆಸಿ ಎಂದರು. ಇನ್ನೊಂದು ಮಾತನ್ನು ರಸೀದಿಯ ಹಿಂದೆ ಬರೆದೇ ಕೊಟ್ಟರು: ನಳಿಗೆಯ ಗುರುತು ಕರಿಮದ್ದಿನ ಕಾಲದ್ದು, ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಇದಕ್ಕೆ ಹಾಕಕೂಡದು.

ಬಸ್‌ಸ್ಟ್ಯಾಂಡಿನವರೆಗೆ ಮಾವ ಮಾತಾಡಲಿಲ್ಲ. ಅಂಗಡಿಯಲ್ಲಿ ಸಿಗುವುದೆಲ್ಲ ಅದೇ ತೋಟಾ, ಇಷ್ಟು ವರ್ಷ ಹಾರಿಸಿದ್ದೂ ಅದನ್ನೇ. ನಂಜನಗೂಡು ದಾಟಿದ ಮೇಲೆ ನಾನೇ ಕೇಳಿದೆ, ಹೊಡೆಯುವ ಹಾಗಿಲ್ಲದಿದ್ದರೆ ಇಷ್ಟು ಖರ್ಚು ಯಾಕೆ ಮಾಡಿದಿರಿ ಎಂದು.

"ಹಂದಿ ಓಡ್ಸಕೆ ಗರ್ನಾಲು ಅದೆ, ಸೋಲಾರ್ ತಂತಿ ಅದೆ. ಅದ್ಕೂಂತ ಅಲ್ಲಾಡೋ ಬಾಗ್ಲು ಇಟ್ಕಂಡು ಮನೇಲಿ ಮಲಗಕಾದ್ದಾ?" ಎಂದರು.

---

ಅಕ್ಟೋಬರ್, ಚಿತ್ತೆ ಮಳೆ. ತೋಟದಾಚೆ ಆನೆ ಕಂದಕದಲ್ಲಿ ನೀರು ನಿಂತಿದೆ, ರಾತ್ರಿ ಕಪ್ಪೆ. ಕೋವಿಯ ಬಾಯಿಗೆ ಮಾವ ಬೆಂಡಿನ ಬಿರಡೆ ಹಾಕಿದ್ದಾರೆ. ಲಿವರ್ ನಡುಗೆರೆಯಿಂದ ಬಲಕ್ಕೆ ಒಂದು ಜೋಳದ ಕಾಳಿನಷ್ಟು. ವಾರದಲ್ಲಿ ಮುಚ್ಚಿದ್ದು ಹನ್ನೆರಡು ಸಲ, ಹತ್ತು ಸಲ ಮೆಲ್ಲಗೆ, ಎರಡು ಸಲ ಮರೆತು. ಕುಂಬಾರ ಹುಳ ಬಿರಡೆಯ ಸುತ್ತ ಮೂರು ಸುತ್ತು ಹಾಕಿ, ಮೀಸೆಯಿಂದ ತಟ್ಟಿ ನೋಡಿ, ಕೋವಿ ಮಲಗಿದ್ದ ಎಡಗೂಟದ ಸಂದಿಯಲ್ಲಿ ಮೊದಲ ಉಂಡೆ ಇಟ್ಟಿತು. ಬೆಳಗ್ಗೆ 10.25.